ಸಿಂಹಾಸನವಿಲ್ಲದ ಸೀಮೆಯ ಲಾಂಛನಗಳು

1881ರ ಮಾರ್ಚ್ 25ರಂದು ಮೈಸೂರಿನ ಆಡಳಿತ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಅರ್ಧ ಶತಮಾನ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ ಕಂಡಿದ್ದ ಸಂಸ್ಥಾನಕ್ಕೆ ಮತ್ತೆ ಅರಸ ಬಂದ. ಅರಸೊತ್ತಿಗೆಗೆ ಬೇಕಾದ ಕುರುಹುಗಳಿಗೆ ಕೊರತೆಯಿರಲಿಲ್ಲ. ಎರಡು ತಲೆಯ ಗಂಡಭೇರುಂಡ ರಾಜಲಾಂಛನವಾಗಿತ್ತು. ಬಸಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ಗೀತೆಯಾಗಿ ಮೊಳಗಿತು. ಮುಂದೆ ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವೆನಿಸಿತು. ಆನೆ, ನೀಲಕಂಠ, ಕಮಲ, ಶ್ರೀಗಂಧಗಳು ರಾಜ್ಯದ ಚಿಹ್ನೆಗಳೆನಿಸಿದವು.

ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಲಾಂಛನ ಕೊಡುವ ಅರಮನೆ ಇರಲಿಲ್ಲ. ಗುಬ್ಬಿಯನ್ನು ಕಟ್ಟಿದ ಹೊನ್ನಪ್ಪಗೌಡನಂಥ ನಾಡಪ್ರಭುಗಳು ಇಲ್ಲಿ ಬಾಳಿ ಹೋದರು. ಸಾಮ್ರಾಜ್ಯವಾಳಿದ ಸಿಂಹಾಸನ ಮಾತ್ರ ಇಲ್ಲಿ ನೆಲೆಗೊಳ್ಳಲಿಲ್ಲ. ಈ ಸೀಮೆ ತನ್ನ ಗುರುತುಗಳನ್ನು ಬೆಟ್ಟದಿಂದ, ಕೆರೆಯಿಂದ, ಶಿಲ್ಪಿಯಿಂದ, ವರ್ತಕನಿಂದ, ನಟನಿಂದ, ಜಂಗಮನಿಂದ ಪಡೆಯಿತು.

ಮೊದಲ ಗುರುತು ದೇವರಾಯನದುರ್ಗ. ಹಿಂದೆ ಆನೆಬಿದ್ದಜರಿ ಎಂದೂ ಜಡಕನದುರ್ಗ ಎಂದೂ ಹೆಸರಿದ್ದ ಈ ಗಿರಿಯನ್ನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದರು; ಅಂದಿನಿಂದ ಅದಕ್ಕೆ ಅರಸನ ಹೆಸರು. ಬೆಟ್ಟದಲ್ಲಿ ಭೋಗನರಸಿಂಹ, ಯೋಗನರಸಿಂಹರ ಗುಡಿಗಳು. ತಪ್ಪಲಿನಲ್ಲಿ ಶ್ರೀರಾಮನು ಬಾಣ ಹೂಡಿ ನೀರೆಬ್ಬಿಸಿದನೆಂದು ಜನ ನಂಬುವ ನಾಮದ ಚಿಲುಮೆ. ಆದರೆ ಗಿರಿಯ ಹಿರಿಮೆಯಿರುವುದು ಅದು ನೀರನ್ನು ಹಂಚುವ ಬಗೆಯಲ್ಲಿ. ಇಲ್ಲಿ ಹುಟ್ಟಿದ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಇದೇ ಬೆಟ್ಟಸಾಲಿನ ಶಿಂಷಾ ಗುಬ್ಬಿ, ಕುಣಿಗಲ್ ಸೀಮೆಗಳನ್ನು ಹಾದು ಕಾವೇರಿಗೆ ಸಲ್ಲುತ್ತದೆ. ಶಿಂಷೆಯ ನೀರನ್ನು ಗುಬ್ಬಿ ತಾಲೂಕಿನ ಕಡಬದಲ್ಲಿ ಕಟ್ಟಿ ನಿಲ್ಲಿಸಿ ಹಿರಿಯ ಕೆರೆ ಮಾಡಿದರು. ಅದೇ ಕಡಬದ ಹೆಸರು ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ, ಒಂಬತ್ತನೆಯ ಶತಮಾನದ ಆದಿಯ ತಾಮ್ರಶಾಸನಗಳಿಂದ ಚರಿತ್ರೆಯ ಪುಟ ಸೇರಿತು. ಕೆಳಗೆ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇದೇ ನದಿಗೆ ಅಣೆಕಟ್ಟೆದ್ದಿತು. ಜಲಾಶಯ ತುಂಬಿದಾಗ ಬಾಗಿಲೆತ್ತುವ ಕೈಗಳ ಹಂಗಿಲ್ಲದೆ ಹೆಚ್ಚಿದ ನೀರು ಸೈಫನ್ನಿನ ಮೂಲಕ ತಾನಾಗಿ ಹೊರಬೀಳುವಂತೆ ಅದನ್ನು ಕಟ್ಟಿದ್ದರು. ಇನ್ನು ಕುಣಿಗಲ್ಲಿನ ದೊಡ್ಡಕೆರೆಗೆ ಯಾವ ಶಾಸನವೂ ಬೇಕಾಗಲಿಲ್ಲ. ಅದರ ಚೆಲುವನ್ನು ಹಾಡಿದ ಜನಪದ ಗೀತೆಯೊಂದೇ ಆ ಕೆರೆಯನ್ನು ನಾಡಿನುದ್ದಕ್ಕೂ ಹೆಸರುವಾಸಿ ಮಾಡಿತು.

ಎರಡನೆಯ ಗುರುತು ಕಲ್ಲಿನದು. ತುಮಕೂರಿಗೆ ಹತ್ತಿರದ ಕೈದಾಳದಲ್ಲಿ ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳಿಬಾಚಿ ಹನ್ನೆರಡನೆಯ ಶತಮಾನದ ನಡುವೆ ಗುಡಿಗಳನ್ನು ಎತ್ತಿಸಿದ. ಶಾಸನ ಸಾಮಂತನ ಕೀರ್ತಿಯನ್ನು ಬರೆದಿಟ್ಟಿತು. ಜನ ನೆನಪಿಟ್ಟದ್ದು ಶಿಲ್ಪಿ ಜಕಣಾಚಾರಿಯನ್ನು. ತಾನು ಕಡೆದ ವಿಗ್ರಹದ ದೋಷವನ್ನು ಮಗನೇ ತೋರಿಸಿಕೊಟ್ಟಾಗ ಬಲಗೈ ಕತ್ತರಿಸಿಕೊಂಡನೆಂದೂ, ಕೈದಾಳದ ಚೆನ್ನಕೇಶವನು ಅದನ್ನು ಮರಳಿ ಕೊಟ್ಟನೆಂದೂ ಕಥೆ. ಕಟ್ಟಿಸಿದವನಿಗಿಂತ ಕಟ್ಟಿದವನನ್ನು ಮೇಲಿಡುವುದು ಈ ಸೀಮೆಯ ಹಳೆಯ ರೂಢಿ.

ಅಕ್ಷರಕ್ಕೂ ಇದೇ ಮಾತು ಸಲ್ಲುತ್ತದೆ. ವಿಜಯನಗರದ ಕಾಲದಲ್ಲಿ ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ನೆಲೆನಿಂತು ಶರಣರ ಮಾತಿಗೆ ಮರುಹುಟ್ಟು ಕೊಟ್ಟರು. ಅವರ ಪರಂಪರೆಯ ಗೂಳೂರು ಸಿದ್ಧವೀರಣಾರ್ಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದರು. ಕಲ್ಯಾಣದ ಅನುಭವ ಮಂಟಪದ ಸಂವಾದ ಇಂದಿನ ಓದುಗನಿಗೆ ದಕ್ಕುವುದಕ್ಕೆ ಗೂಳೂರಿನ ಆ ಕೈಬರಹದ ಋಣ ದೊಡ್ಡದು.

ಕುಣಿಗಲ್ಲಿನ ಕುದುರೆ ಮಾತ್ರ ಅರಸರ ಲಾಂಛನ. ಅಲ್ಲಿನ ಕುದುರೆ ಫಾರಂನ ಆರಂಭವನ್ನು ಟಿಪ್ಪುವಿನ ಕಾಲಕ್ಕೆ ಹೇಳುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೂ ಹುಲ್ಲುಗಾವಲು ಉಳಿಯಿತು, ಒಡೆಯರು ಬದಲಾದರು: ಸುಲ್ತಾನನ ಅಶ್ವಬಲ ಹೋಗಿ ಮೈಸೂರಿನ ಸಿಲ್ಲೇದಾರ ಕುದುರೆಪಡೆ ಬಂತು, ಯುದ್ಧದಲ್ಲಿ ಕುದುರೆಯ ಕಾಲ ಮುಗಿದ ಮೇಲೆ ಪಂದ್ಯದ ಕುದುರೆಗಳು ಬಂದವು. ಅರಸರಲ್ಲದ ಆಳುವವರೂ ಇಲ್ಲಿ ಗುರುತು ಬಿಟ್ಟರು. ಕಮಿಷನರುಗಳ ದಿನಗಳಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಡಾಬ್ಸ್ ತುಮಕೂರಿನಲ್ಲಿ ಬಹುಕಾಲ ಕುಳಿತು ಆಡಳಿತ ನಡೆಸಿದ; ಬೆಂಗಳೂರಿನ ದಾರಿಯ ಡಾಬಸ್‌ಪೇಟೆ ಇಂದಿಗೂ ಅವನನ್ನು ನೆನೆಯುತ್ತದೆ.

ಅನಂತರ ಧಾತು–ಈಶ್ವರ ಸಂವತ್ಸರಗಳ ಬರ ಎರಗಿತು. 1876ರಿಂದ 1878ರವರೆಗೆ ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಅಳಿದರೆಂದು ಲೆಕ್ಕ. ದೂರದ ಧಾನ್ಯವನ್ನು ಹಸಿದ ಊರಿಗೆ ಮುಟ್ಟಿಸಲು ದಾರಿಯಿಲ್ಲದ್ದೇ ಸಾವಿಗೆ ಕಾರಣವಾಯಿತೆಂಬ ಪಾಠ ದಿವಾನ್ ರಂಗಾಚಾರ್ಲು ಅವರ ಸರಕಾರವನ್ನು ರೈಲಿನ ಕಡೆಗೆ ತಿರುಗಿಸಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂತು. ಗುಬ್ಬಿಯನ್ನು ದಾಟಿ ಮುಂದೆ ಹರಿಹರದವರೆಗೆ ಬೆಳೆಯಿತು. 1800ರಲ್ಲಿ ಪ್ರವಾಸಿ ಬುಕನನ್ ಕಂಡು ಬರೆದ ಗುಬ್ಬಿಯ ಸಂತೆ ಅಡಿಕೆಗೂ ಬಟ್ಟೆಗೂ ಹೆಸರಾಗಿತ್ತು. ಎತ್ತಿನ ಹೇರು ನಡೆದ ದಾರಿಯಲ್ಲಿ ಈಗ ಉಗಿಬಂಡಿ ಓಡಿತು.

ಅದೇ 1884ರಲ್ಲಿ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಕಂಪನಿ ಕಟ್ಟಿದರು. ಪರದೆ, ಪೆಟ್ಟಿಗೆ, ಪಾತ್ರಧಾರಿಗಳನ್ನು ಹೊತ್ತು ಊರೂರು ತಿರುಗುವ ಆ ಬಾಳಿಗೆ ಹೊಸ ಹಳಿ ಹೇಳಿ ಮಾಡಿಸಿದಂತಿತ್ತು. ಬಾಲನಟನಾಗಿ ಒಳಬಂದ ವೀರಣ್ಣನವರು 1917ರಲ್ಲಿ ಕಂಪನಿಯ ಒಡೆಯರಾದರು. ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿ ನಲಿಸಿದ ಅವರೇ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಆಡುವ ಪದ್ಧತಿಗೆ ಬಲ ಕೊಟ್ಟರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ರಾಜ್‌ಕುಮಾರರೂ, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತರೂ ಈ ಕಂಪನಿಯ ಅನ್ನ ಉಂಡವರು. 1954ರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ಅದರ ಹಿಂದೆಯೂ ಗುಬ್ಬಿಯ ಬಂಡವಾಳವಿತ್ತು. ಮಹಾರಾಜರು ವೀರಣ್ಣನವರಿಗೆ ‘ನಾಟಕರತ್ನ’ ಬಿರುದು ಕೊಟ್ಟರು. ಅಷ್ಟರಲ್ಲಿ ಜನ ಊರಿನ ಹೆಸರನ್ನೇ ಅವರ ಮನೆತನದ ಹೆಸರಾಗಿ ಮಾಡಿಬಿಟ್ಟಿದ್ದರು.

ಅದೇ ಊರಿನಲ್ಲಿ 1838ರಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿಗೆ ಹೋಗಿ ವ್ಯಾಪಾರದಲ್ಲಿ ಗಳಿಸಿದರು. ಗಳಿಕೆಯನ್ನು ಮನೆಯ ಪೆಟ್ಟಿಗೆಯಲ್ಲಿಡದೆ, ರೈಲು ನಿಲ್ದಾಣದ ಎದುರೇ ಜಾಗ ಕೊಂಡು ಛತ್ರ ಕಟ್ಟಿಸಿದರು. ನಾಲ್ವಡಿಯವರು ಅದನ್ನು ತೆರೆದದ್ದು 1903ರಲ್ಲಿ. ರಾತ್ರಿ ಗಾಡಿಯಿಳಿದು ಊರು ಕಾಣದೆ ನಿಂತ ಹಳ್ಳಿಗನಿಗೆ ಅಲ್ಲಿ ಸೂರು ಸಿಕ್ಕಿತು. ಓದಲು ಬಂದ ಬಡ ಹುಡುಗನಿಗೆ ವಿದ್ಯಾರ್ಥಿನಿಲಯ ಸಿಕ್ಕಿತು. ‘ಧರ್ಮಪ್ರವರ್ತ’ ಎಂದು ಅರಮನೆ, ‘ರಾವ್ ಬಹದ್ದೂರ್’ ಎಂದು ಬ್ರಿಟಿಷ್ ಸರಕಾರ ಬಿರುದು ಕೊಟ್ಟವು. 1910ರಲ್ಲಿ ಅವರು ತೀರಿಕೊಂಡರೂ ಛತ್ರದ ಬಾಗಿಲು ಮುಚ್ಚಲಿಲ್ಲ.

ತುಮಕೂರಿನ ಮಗ್ಗುಲಿನ ಸಿದ್ಧಗಂಗೆಯಲ್ಲಿ ಇದೇ ಧರ್ಮ ಇನ್ನೂ ವಿಸ್ತಾರವಾಗಿ ನಡೆಯಿತು. 1907ರಲ್ಲಿ ವೀರಾಪುರದಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಧಾನ್ಯ ತಂದರು. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2007ರಲ್ಲಿ ಕರ್ನಾಟಕರತ್ನ ಗೌರವ ಬಂದಾಗ ದಾಸೋಹಕ್ಕೆ ಹಲವು ದಶಕಗಳು ಸಂದಿದ್ದವು.

ಹೊಸ ಕಾಲ ಹೊಸ ಗುರುತುಗಳನ್ನು ತಂದಿತು. 1978ರಲ್ಲಿ ತುಮಕೂರಿಗೆ ಬಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇವು ದೊಡ್ಡ ಕೆಲಸಗಳೇ. ಆದರೆ ಇವುಗಳ ಆಯುಸ್ಸನ್ನು ನಿರ್ಧರಿಸುವ ಕಡತ ಬೇರೆಡೆ ಇರುತ್ತದೆ. ತೋಟದಪ್ಪನವರ ಛತ್ರಕ್ಕೂ ಸಿದ್ಧಗಂಗೆಯ ದಾಸೋಹಕ್ಕೂ ಆ ಭಯವಿಲ್ಲ. ಅವುಗಳನ್ನು ನಡೆಸಲು ಬೇಕಾದದ್ದು ಆಜ್ಞೆಯಲ್ಲ, ಕೊಡುವ ಕೈ. ಅದು ಈ ಸೀಮೆಯಲ್ಲಿ ಅರಸರಿಗಿಂತ ಹಳೆಯದು.