ಕರಾರುಪತ್ರದ ಮೇಲೊಂದು ಬಂಡಾಯ

ಅಮೆರಿಕದ ಕಂಟ್ರಿ ಸಂಗೀತ ನನಗೆ ಒಗ್ಗುವ ಪ್ರಕಾರವಲ್ಲ. ಮೂಗಿನಲ್ಲಿ ಎಳೆಯುವ ದನಿ, ಅಳುವಂತೆ ಕೇಳುವ ಸ್ಟೀಲ್ ಗಿಟಾರ್, ಲಾರಿ, ವಿಸ್ಕಿ, ಊರು, ಧ್ವಜ ಎಂದು ಸುತ್ತುವ ಹಾಡುಗಳು. ಇತಿಹಾಸದ ವಿದ್ಯಾರ್ಥಿಯಾಗಿ ಇನ್ನೊಂದು ತಕರಾರೂ ಇದೆ. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ರಾಕ್ ಮತ್ತು ಜಾನಪದ ಗಾಯಕರಲ್ಲಿ ಅನೇಕರು ಪ್ರತಿಭಟನೆಗಿಳಿದಾಗ, ಕಂಟ್ರಿಯ ಮುಖ್ಯಧಾರೆ ಆಳುವವರ ಮಗ್ಗುಲಲ್ಲೇ ಇತ್ತು. 1974ರ ಮಾರ್ಚ್‌ನಲ್ಲಿ, ವಾಟರ್‌ಗೇಟ್ ಹಗರಣದಲ್ಲಿ ಮುಳುಗುತ್ತಿದ್ದ ಅಧ್ಯಕ್ಷ ನಿಕ್ಸನ್ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ಯ ಹೊಸ ಸಭಾಂಗಣದ ಉದ್ಘಾಟನೆಗೆ ಹೋಗಿ, ವೇದಿಕೆಯ ಮೇಲೆ ಪಿಯಾನೊ ನುಡಿಸಿ ಬಂದರು.

ಹಾಗಿದ್ದೂ ಕಳೆದ ಕೆಲವು ತಿಂಗಳಿಂದ ನಾನು ಒಂದು ಕಂಟ್ರಿ ಆಲ್ಬಮ್ ಅನ್ನು ಬಿಡದೆ ಕೇಳುತ್ತಿದ್ದೇನೆ: ವಿಲ್ಲಿ ನೆಲ್ಸನ್ 1975ರಲ್ಲಿ ತಂದ ‘ರೆಡ್ ಹೆಡೆಡ್ ಸ್ಟ್ರೇಂಜರ್’. ಧ್ವನಿಮುದ್ರಣ ಉದ್ಯಮದ ಬಗ್ಗೆ ಓದುವಾಗ ಮತ್ತೆ ಮತ್ತೆ ಎದುರಾದ ಹೆಸರು ಅದು. ಟಿಪ್ಪಣಿ ಮಾಡಿಕೊಳ್ಳಲೆಂದು ಹಾಕಿದವಳು ಪೆನ್ನು ಕೆಳಗಿಟ್ಟೆ. ಅಲ್ಲಿ ಕಿವಿಗೆ ಮೊದಲು ತಾಕುವುದು ಹಾಡಲ್ಲ, ಹಾಡಿನ ಸುತ್ತ ಬಿಟ್ಟಿರುವ ಖಾಲಿ ಜಾಗ. ಒಂದು ಗಿಟಾರ್, ಅಕ್ಕ ಬಾಬಿ ನೆಲ್ಸನ್ ಅವರ ಪಿಯಾನೊ, ಆಗೀಗ ಬಂದುಹೋಗುವ ಹಾರ್ಮೋನಿಕಾ. ತಾಳಕ್ಕಿಂತ ತುಸು ಹಿಂದೆ, ಕೆಲವೊಮ್ಮೆ ತುಸು ಮುಂದೆ, ಪಕ್ಕದಲ್ಲಿ ಕೂತು ಮಾತಾಡುವ ಹಾಗೆ ಸಾಗುವ ದನಿ. ಈ ಮೌನ ಯಾಕೆ ಅಷ್ಟು ದೊಡ್ಡ ಸಂಗತಿಯಾಯಿತು ಎಂದು ತಿಳಿಯಲು ಅದಕ್ಕೆ ಹಿಂದಿನ ಗದ್ದಲವನ್ನು ನೋಡಬೇಕು.

1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಬಂದು ಯುವ ಕೇಳುಗರನ್ನು ಸೆಳೆದುಕೊಂಡಾಗ ನ್ಯಾಶ್‌ವಿಲ್‌ನ ಕಂಪನಿಗಳು ಹೊಸ ಸೂತ್ರವೊಂದನ್ನು ಹಿಡಿದವು. ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್, ಡೆಕ್ಕಾದ ಓವನ್ ಬ್ರಾಡ್ಲಿ ಮುಂತಾದವರು ಹಳ್ಳಿಗಾಡಿನ ಫಿಡಲ್ ಮತ್ತು ಸ್ಟೀಲ್ ಗಿಟಾರನ್ನು ಹಿಂದಕ್ಕೆ ಸರಿಸಿ, ವಯೊಲಿನ್ ವೃಂದವನ್ನೂ ನಯವಾದ ಹಿನ್ನೆಲೆ ಕೋರಸನ್ನೂ ತಂದರು. ಇದೇ ‘ನ್ಯಾಶ್‌ವಿಲ್ ಸೌಂಡ್’. ಹಾಗೆಂದರೇನು ಎಂದು ಕೇಳಿದವರಿಗೆ ಆಟ್ಕಿನ್ಸ್ ಜೇಬಿನ ಚಿಲ್ಲರೆ ಕುಲುಕಿ ತೋರಿಸುತ್ತಿದ್ದರಂತೆ. ಈ ಸೂತ್ರದಿಂದ ಒಳ್ಳೆಯ ಹಾಡುಗಳೂ ಹುಟ್ಟಿವೆ. ನೆಲ್ಸನ್ ಬರೆದು, 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ ಅದೇ ಬ್ರಾಡ್ಲಿ ನಿರ್ಮಿಸಿದ್ದು. ಆದರೆ ವ್ಯವಸ್ಥೆಯೊಳಗೆ ಗಾಯಕ ಹೆಚ್ಚುಕಡಿಮೆ ದಿನಗೂಲಿಯವನು. ಯಾವ ಹಾಡು, ಯಾವ ವಾದ್ಯಗಾರರು, ಅಂತಿಮ ರೂಪ ಹೇಗಿರಬೇಕು ಎಂಬುದೆಲ್ಲ ನಿರ್ಮಾಪಕನ ತೀರ್ಮಾನ. ಊರೂರು ಸುತ್ತುವಾಗ ಜೊತೆಗಿರುವ ಸ್ವಂತ ತಂಡಕ್ಕೆ ಸ್ಟುಡಿಯೊದಲ್ಲಿ ಜಾಗವಿರುತ್ತಿರಲಿಲ್ಲ.

ಈ ಕಟ್ಟಳೆಯ ವಿರುದ್ಧ ಎದ್ದವರಿಗೆ ‘ಔಟ್‌ಲಾ’, ಅಂದರೆ ಕಾನೂನುಬಾಹಿರರು, ಎಂಬ ಹೆಸರು ಬಿತ್ತು. ಗಡ್ಡ, ಚರ್ಮದ ಅಂಗಿ, ಕೌಬಾಯ್ ಟೋಪಿಗಳ ಅವರ ಚಿತ್ರ ನೋಡಿದರೆ ಬ್ಯಾಂಕು ದೋಚಿ ಬಂದವರಂತೆ ಕಾಣುತ್ತಾರೆ. ಅವರ ನಿಜವಾದ ಕದನ ನಡೆದದ್ದು ಕರಾರುಪತ್ರದ ಕಲಮುಗಳ ಮೇಲೆ. ವೇಲನ್ ಜೆನ್ನಿಂಗ್ಸ್ 1972ರಲ್ಲಿ ಆರ್‌ಸಿಎ ಜೊತೆ ಹಟ ಹಿಡಿದು ಹೊಸ ಕರಾರು ಮಾಡಿಕೊಂಡು, ತಮ್ಮ ಸಂಗೀತದ ಮೇಲೆ ತಾವೇ ಹಿಡಿತ ಪಡೆದರು. ಮರುವರ್ಷ ಬಂದ ಅವರ ‘ಹಾಂಕಿ ಟಾಂಕ್ ಹೀರೋಸ್’ ಆಲ್ಬಮ್‌ನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಹಾಡುಗಳಲ್ಲೂ ಆಗ ಹೆಚ್ಚು ಪರಿಚಿತನಲ್ಲದ ಬಿಲ್ಲಿ ಜೋ ಶೇವರ್ ಎಂಬ ಕವಿಯ ಕೈಯಿತ್ತು. ನೆಲ್ಸನ್ ನ್ಯಾಶ್‌ವಿಲ್ ಬಿಟ್ಟು ಟೆಕ್ಸಾಸ್‌ಗೆ ಮರಳಿ ಆಸ್ಟಿನ್‌ನಲ್ಲಿ ನೆಲೆಸಿದರು. ಅಲ್ಲಿ ಅವರ ಸಂಗೀತ ಕೇಳಲು ಹಿಪ್ಪಿಗಳೂ ದನಗಾಹಿ ರೈತರೂ ಒಂದೇ ಸಭಾಂಗಣಕ್ಕೆ ಬರುತ್ತಿದ್ದರು. ಮುಂದೆ ಕೊಲಂಬಿಯಾ ಕಂಪನಿ ಅವರೊಡನೆ ಮಾಡಿಕೊಂಡ ಕರಾರಿನಲ್ಲಿ ಪೂರ್ಣ ಸೃಜನಸ್ವಾತಂತ್ರ್ಯದ ಮಾತಿತ್ತು.

1975ರ ಜನವರಿಯಲ್ಲಿ ಟೆಕ್ಸಾಸ್‌ನ ಗಾರ್ಲಂಡ್ ಎಂಬಲ್ಲಿನ ಸ್ಟುಡಿಯೊದಲ್ಲಿ, ತಮ್ಮದೇ ತಂಡದೊಡನೆ ಕೆಲವೇ ದಿನಗಳಲ್ಲಿ, ಸುಮಾರು 4,000 ಡಾಲರ್ ಖರ್ಚಿನಲ್ಲಿ ನೆಲ್ಸನ್ ಈ ಆಲ್ಬಮ್ ಮುಗಿಸಿದರು. ಕೇಳಿದ ಕಂಪನಿಯ ಅಧಿಕಾರಿಗಳಿಗೆ ಇದು ಇನ್ನೂ ಕಚ್ಚಾ ಪ್ರತಿ, ಇದರ ಮೇಲೆ ವಾದ್ಯವೃಂದ ಸೇರಿಸುವುದು ಬಾಕಿಯಿದೆ ಎನಿಸಿತು. ಕರಾರು ನೆಲ್ಸನ್ ಕಡೆಗಿತ್ತು. ಏನೂ ಸೇರಿಸದೆ ಹಾಗೇ ಬಿಡುಗಡೆಯಾಯಿತು. ಫ್ರೆಡ್ ರೋಸ್ 1940ರ ದಶಕದಲ್ಲಿ ಬರೆದಿದ್ದ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಎಂಬ ಹಾಡು ಅದರಿಂದಲೇ ಹೊರಬಂದು, ಗಾಯಕನಾಗಿ ನೆಲ್ಸನ್‌ಗೆ ಕಂಟ್ರಿ ಪಟ್ಟಿಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನ ತಂದುಕೊಟ್ಟಿತು. ಆಗ ಅವರಿಗೆ 42 ವರ್ಷ.

ಆಲ್ಬಮ್ ಒಂದೇ ಕಥೆಯನ್ನು ಹೇಳುತ್ತದೆ, ಮತ್ತು ಆ ಕಥೆ ಸಿಹಿಯಾದದ್ದಲ್ಲ. ಹೆಂಡತಿ ಬಿಟ್ಟುಹೋದ ಪಾದ್ರಿಯೊಬ್ಬ ಅವಳನ್ನೂ ಅವಳ ಪ್ರಿಯಕರನನ್ನೂ ಕೊಂದು ಕುದುರೆಯೇರಿ ಅಲೆಯುತ್ತಾನೆ. ದಾರಿಯಲ್ಲಿ, ಸತ್ತವಳ ಕುದುರೆಗೆ ಕೈಹಾಕಿದ ಇನ್ನೊಬ್ಬಳನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಕುದುರೆಗಳ್ಳಿಯನ್ನು ಕೊಂದವನಿಗೆ ಶಿಕ್ಷೆಯಿಲ್ಲ ಎಂದು ಹಾಡು ನಿರಾಳವಾಗಿ ಮುಂದೆ ಸಾಗುತ್ತದೆ. ಕೊನೆಗೆ ಅವನಿಗೆ ಹೊಸ ಪ್ರೀತಿ, ನೆಮ್ಮದಿ ಎರಡೂ ಸಿಗುತ್ತವೆ. ಸತ್ತ ಹೆಂಗಸರಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ವಲಸೆ ಬಂದವರು ತಂದ ಕೊಲೆಯ ಕಥನಗೀತೆಗಳ ಪರಂಪರೆ ಇದರ ಹಿಂದಿದೆ ಎಂದು ನಾನು ತರಗತಿಯಲ್ಲಿ ವಿವರಿಸಬಲ್ಲೆ. ವಿವರಣೆಯಿಂದ ಇರಿಸುಮುರಿಸು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನೆಲ್ಸನ್ ಅಬ್ಬರಿಸಿ ಹಾಡಿದ್ದರೆ ಅವನನ್ನು ವೀರನೆಂದುಕೊಂಡು ದೂರವಿಡಬಹುದಿತ್ತು. ಅಷ್ಟು ಮೆಲ್ಲಗೆ ಹಾಡುವುದರಿಂದ ಕೊಲೆಗಾರನ ದುಃಖ ನನ್ನೊಳಗೂ ಇಳಿಯುತ್ತದೆ. ಹೀಗೆ ಇಳಿಯಬಾರದಿತ್ತಲ್ಲ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಈ ಆಲ್ಬಮ್ ನನಗೆ ಇಷ್ಟವಾದದ್ದು ಆ ಪ್ರಶ್ನೆಯನ್ನು ಮರೆತಲ್ಲ.

ಇನ್ನು ಬಂಡಾಯದ ಮುಂದಿನ ಕಥೆ. 1976ರಲ್ಲಿ ಆರ್‌ಸಿಎ ‘ವಾಂಟೆಡ್! ದ ಔಟ್‌ಲಾಸ್’ ಎಂಬ ಸಂಕಲನ ತಂದಿತು. ಪೊಲೀಸರು ಅಂಟಿಸುವ ‘ಬೇಕಾಗಿದ್ದಾರೆ’ ಭಿತ್ತಿಪತ್ರದಂಥ ಮುಖಪುಟ. ಒಳಗೆ ನೆಲ್ಸನ್, ಜೆನ್ನಿಂಗ್ಸ್, ಜೆಸ್ಸಿ ಕೋಲ್ಟರ್, ಟಾಂಪಾಲ್ ಗ್ಲೇಸರ್ ಅವರ ಹಾಡುಗಳು, ಬಹುಪಾಲು ಹಿಂದೆಯೇ ಬಂದಿದ್ದಂಥವು. ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಮ್ ಇದು. ಜೋಡಿಸಿದವರು ಕಂಪನಿಯ ಜೆರ್ರಿ ಬ್ರಾಡ್ಲಿ, ನ್ಯಾಶ್‌ವಿಲ್ ಸೌಂಡ್ ಕಟ್ಟಿದ ಓವನ್ ಬ್ರಾಡ್ಲಿಯ ಮಗ! ಅಪ್ಪ ಕಟ್ಟಿದ ವ್ಯವಸ್ಥೆಯ ವಿರುದ್ಧದ ಬಂಡಾಯವನ್ನು ಮಗ ಪೊಟ್ಟಣ ಕಟ್ಟಿ ಮಾರಿದ. ಎರಡೇ ವರ್ಷದಲ್ಲಿ ಜೆನ್ನಿಂಗ್ಸ್, ಈ ಔಟ್‌ಲಾ ಆಟ ಕೈಮೀರಿತು ಎಂಬ ಅರ್ಥದ ಹಾಡನ್ನೇ ಹಾಡಿದರು. ಆ ಮುಖಪುಟದ ನಾಲ್ವರೂ ಬಿಳಿಯರು, ಅವರಲ್ಲಿ ಹೆಣ್ಣು ಒಬ್ಬರೇ. ಆಫ್ರಿಕದ ಮೂಲದಿಂದ ಬಂದ ಬ್ಯಾಂಜೊ ಈ ಸಂಗೀತದ ಬೆನ್ನೆಲುಬಾಗಿದ್ದರೂ, ‘ಆಪ್ರಿ’ಯ ಆರಂಭದ ತಾರೆಗಳಲ್ಲಿ ಒಬ್ಬರಾಗಿದ್ದ ಕಪ್ಪು ಹಾರ್ಮೋನಿಕಾ ವಾದಕ ಡಿಫೋರ್ಡ್ ಬೈಲಿಯನ್ನು 1941ರಲ್ಲೇ ಅಲ್ಲಿಂದ ಹೊರಗೆ ಕಳಿಸಲಾಗಿತ್ತು. ಕರಾರಿನ ಮೇಜಿನವರೆಗೂ ತಲುಪಲಾಗದವರಿಗೆ ಬಂಡಾಯಗಾರ ಎಂಬ ಬಿರುದೂ ದಕ್ಕಲಿಲ್ಲ.

ಹಾಗಾದರೆ ಇದೆಲ್ಲ ಬರೀ ಮಾರಾಟದ ತಂತ್ರವೇ? ನನಗೆ ಹಾಗನ್ನಿಸುವುದಿಲ್ಲ. ಹೆಸರು ಸರಕಾಯಿತು, ಟೋಪಿ ಸರಕಾಯಿತು. ಆದರೆ ಸ್ಟುಡಿಯೊದಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೆ ಆ ಕೆಲವರು ಪಡೆದ ಉತ್ತರ ದಾಖಲೆಯಾಗಿ ಉಳಿದಿದೆ. ದಾಖಲೆಯೆಂದರೆ ಪತ್ರಾಗಾರದ ಕಡತ ಮಾತ್ರವಲ್ಲ. ಕಂಪನಿ ವಯೊಲಿನ್‌ಗಳಿಂದ ತುಂಬಬೇಕೆಂದಿದ್ದ ಜಾಗ ‘ಬ್ಲೂ ಐಸ್’ ಹಾಡಿನಲ್ಲಿ ಇವತ್ತಿಗೂ ಖಾಲಿಯಿದೆ. ನಾನು ಇನ್ನೂ ಕಂಟ್ರಿ ಅಭಿಮಾನಿಯಲ್ಲ. ಆ ಖಾಲಿ ಜಾಗಕ್ಕಾಗಿ ಮಾತ್ರ ಮತ್ತೆ ಮತ್ತೆ ಕಿವಿಗೊಡುತ್ತೇನೆ.