ಹೊಸಬರೋ, ಮರಳಿ ಬಂದವರೋ? – ಸಭೆಯ ಲೆಕ್ಕದ ಚರಿತ್ರೆಯಿಂದ ಒಂದು ವಿಚಾರ

ಸಭೆಗಳ ವಾರ್ಷಿಕ ವರದಿಗಳಲ್ಲಿ ‘ಈ ವರ್ಷ ಸೇರಿದವರು’ ಎಂಬ ಒಂದೇ ಅಂಕಣವಿರುವುದುಂಟು. ಆ ಒಂದು ಸಂಖ್ಯೆಯೊಳಗೆ ನಾಲ್ಕು ಬಗೆಯ ಜನರು ಅಡಗಿರುತ್ತಾರೆ: ಸಭೆಯ ಕುಟುಂಬಗಳಲ್ಲಿಯೇ ಹುಟ್ಟಿ ಬೆಳೆದವರು, ಬೇರೆ ಸಭೆಯಿಂದ ವರ್ಗವಾಗಿ ಬಂದವರು, ಹೊಸದಾಗಿ ನಂಬಿಕೆಗೆ ಬಂದವರು, ಒಮ್ಮೆ ಬಿಟ್ಟುಹೋಗಿ ಮರಳಿ ಬಂದವರು. ಇಂದಿನ ಮಧ್ಯಪ್ರದೇಶದ ದಮೋಹದಲ್ಲಿ 1897ರಲ್ಲಿ ಹುಟ್ಟಿದ ಮಿಷನರಿ ಡೊನಾಲ್ಡ್ ಮೆಕ್‌ಗವ್ರನ್ ಸಭೆಯ ಬೆಳವಣಿಗೆಯನ್ನು ಜನನ, ವರ್ಗಾವಣೆ, ಮನಪರಿವರ್ತನೆ ಎಂದು ಮೂರಾಗಿ ವಿಂಗಡಿಸಿದರು. ಮರಳಿ ಬಂದವರಿಗೆ ಈ ಮೂರರಲ್ಲಿ ಸ್ವಂತ ಸ್ಥಾನವಿಲ್ಲ. ಅವರನ್ನು ಎಲ್ಲಿ ಬರೆಯಬೇಕೆಂಬುದು ಗುಮಾಸ್ತರ ಪ್ರಶ್ನೆಯಂತೆ ಕಂಡರೂ ಅದರ ಬೇರು ದೇವಶಾಸ್ತ್ರದಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಮೂರನೆಯ ಶತಮಾನದ ಕಾರ್ತೇಜಿನಲ್ಲಿ ಈ ಪ್ರಶ್ನೆ ಸಭೆಯನ್ನೇ ನಡುಗಿಸಿತು. ಚಕ್ರವರ್ತಿ ದೇಕಿಯಸನ ಆಜ್ಞೆಗೆ ಅಂಜಿ ಅನೇಕರು ದೇವತೆಗಳಿಗೆ ಬಲಿಯರ್ಪಿಸಿದರು. ಕೆಲವರು ಅರ್ಪಿಸಿದಂತೆ ಪ್ರಮಾಣಪತ್ರ ಪಡೆದರು. ಹಿಂಸೆ ತಗ್ಗಿದ ಮೇಲೆ ಅವರು ಸಭೆಯ ಬಾಗಿಲಿಗೆ ಬಂದು ನಿಂತರು. ಬಿಷಪ್ ಸಿಪ್ರಿಯಾನನ ನೇತೃತ್ವದಲ್ಲಿ 251ರಲ್ಲಿ ಕೂಡಿದ ಆಲೋಚನಾಸಭೆಯು ಪಶ್ಚಾತ್ತಾಪದ ಶಿಸ್ತಿನ ಮೂಲಕ ಅವರನ್ನು ಸ್ವೀಕರಿಸುವ ದಾರಿಯನ್ನು ತೆರೆಯಿತು. ಅವರಿಗೆ ಎರಡನೆಯ ದೀಕ್ಷಾಸ್ನಾನವಿಲ್ಲ, ಅವರು ಮರಳಿದವರು. ಆದರೆ ಭಿನ್ನಪಂಥದಲ್ಲಿ ದೀಕ್ಷಾಸ್ನಾನ ಹೊಂದಿ ಬಂದವರ ಗತಿಯೇನು? ಸಭೆಯ ಹೊರಗೆ ದೀಕ್ಷಾಸ್ನಾನವೇ ಇಲ್ಲವೆಂಬ ಸಿಪ್ರಿಯಾನನ ಮತವನ್ನು 256ರಲ್ಲಿ 87 ಬಿಷಪರು ಎತ್ತಿಹಿಡಿದರು. ಹಸ್ತನಿಕ್ಷೇಪವೇ ಸಾಕೆಂದು ರೋಮಿನ ಸ್ತೆಫನನು ಹೇಳಿದನು. ಹೀಗೆ ಒಬ್ಬನೇ ಮನುಷ್ಯನು ಕಾರ್ತೇಜಿಗೆ ಬಂದರೆ ಹೊಸಬನು, ರೋಮಿಗೆ ಹೋದರೆ ಪಶ್ಚಾತ್ತಾಪಪಟ್ಟು ಮರಳಿದವನು. ತ್ರಿಯೇಕ ದೇವರ ನಾಮದಲ್ಲಿ ದೀಕ್ಷಾಸ್ನಾನವಾಗಿದ್ದರೆ ಹಸ್ತನಿಕ್ಷೇಪ ಸಾಕೆಂದು 314ರಲ್ಲಿ ಆರ್ಲ್ಸ್ ಆಲೋಚನಾಸಭೆ ತೀರ್ಮಾನಿಸಿತು. ಸಭೆ ಎಂದರೇನು ಎಂಬುದಕ್ಕೆ ಉತ್ತರ ಸಿಗದೆ ಎಣಿಕೆಯೂ ಸಾಧ್ಯವಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಈ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿದರು. 1743ರ ಮಾರ್ಚಿನಲ್ಲಿ ನ್ಯೂಕ್ಯಾಸಲಿನ ಸಂಘವನ್ನು ಸಂದರ್ಶಿಸಿದಾಗ, ಬಿಟ್ಟುಹೋದ 76 ಜನರ ಕಾರಣಗಳನ್ನು ಅವರು ಒಂದೊಂದಾಗಿ ವಿಚಾರಿಸಿ ದಿನಚರಿಯಲ್ಲಿ ಬರೆದರು. ಸಂಘದಲ್ಲಿದ್ದರೆ ತಮ್ಮ ಬೋಧಕರು ಕರ್ತನ ಭೋಜನವನ್ನು ಕೊಡುವುದಿಲ್ಲವೆಂದು ಹೋದವರು 14. ತಂದೆತಾಯಿಗಳು ಒಪ್ಪಲಿಲ್ಲವೆಂದವರು 12. ಜನರ ನಗೆಗೆ ಅಂಜಿದವರು 9. ಬಡವರ ಸಹಾಯಧನ ತಪ್ಪೀತೆಂದು ಹೆದರಿದವರು 3. ಶಿಸ್ತಿನ ಕಾರಣದಿಂದ ಹೊರಹಾಕಲ್ಪಟ್ಟವರು 64. ಅವರಲ್ಲಿ 17 ಮಂದಿ ಕುಡಿತಕ್ಕಾಗಿ, 29 ಮಂದಿ ಉದಾಸೀನತೆಗಾಗಿ. ಮೂರು ತಿಂಗಳಿಗೊಮ್ಮೆ ಹೊಸ ಚೀಟಿ ಕೊಡುವ ಪದ್ಧತಿಯಿದ್ದುದರಿಂದ ಸಂಘದಲ್ಲಿ ಹಳೆಯ ಹೆಸರು ತಾನಾಗಿಯೇ ಉಳಿಯುವಂತಿರಲಿಲ್ಲ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳ ಮೂಲಕ ಈ ಪರಂಪರೆ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೂ ಹರಿದುಬಂದಿದೆ.

ಹೋದವರನ್ನು ಬರೆಯದ ಪುಸ್ತಕದಲ್ಲಿ ಏನಾಗುತ್ತದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. 500 ಮಂದಿಯ ಸಭೆಯಿಂದ ಒಂದು ವರ್ಷದಲ್ಲಿ 40 ಮಂದಿ ಅಗಲಿದರು. ಅವರಲ್ಲಿ 30 ಮಂದಿ ಮರಳಿದರು. 20 ಮಂದಿ ಹೊಸದಾಗಿ ಬಂದರು. ವರ್ಷಾಂತ್ಯದಲ್ಲಿ ಸಭೆಯಲ್ಲಿರುವವರು 510. ವರದಿಯಾದರೋ ‘50 ಮಂದಿ ಸೇರಿದರು’ ಎನ್ನುತ್ತದೆ. ಆ 30 ಮಂದಿಯೇ ವರ್ಷವರ್ಷವೂ ಹೋಗಿಬಂದರೆ ಐದು ವರ್ಷಗಳಲ್ಲಿ ಅವರು 150 ಆಗುತ್ತಾರೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ಓದುವವನು ಮೋಸಹೋಗುತ್ತಾನೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಅವರು ಏಕೆ ಹೋಗುತ್ತಾರೆಂದು ಕೇಳುವ ಅವಕಾಶವೇ ಸಭೆಗೆ ತಪ್ಪುತ್ತದೆ.

ಮರಳಿ ಬಂದವರು ಹೊಸಬರಿಗಿಂತ ಕಡಿಮೆಯವರೆಂದು ನಾವು ಹೇಳುತ್ತಿಲ್ಲ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಕುರುಬನು ಎಣಿಸಿದ್ದರಿಂದಲೇ ಒಂದು ಕುರಿ ತಪ್ಪಿದ್ದು ತಿಳಿಯಿತು. ಅದೇ ಅಧ್ಯಾಯದ ಕಿರಿಯ ಮಗನು ಮನೆಗೆ ಹೊರಟಾಗ ಕೂಲಿಯಾಳಾಗಿ, ಅಂದರೆ ಹೊಸ ಹೆಸರಾಗಿ, ದಾಖಲಾಗಲು ಬಯಸುತ್ತಾನೆ. ತಂದೆಯು ಅದಕ್ಕೆ ಒಪ್ಪದೆ ಅವನನ್ನು ಹಳೆಯ ಹೆಸರಿನಲ್ಲಿಯೇ, ಮಗನೆಂದೇ ಬರಮಾಡಿಕೊಳ್ಳುತ್ತಾನೆ. ಮರಳಿದವನನ್ನು ಹೊಸಬನೆಂದು ಬರೆಯುವಾಗ ನಾವು ಅವನಿಂದ ಆ ಹೆಸರನ್ನು ಕಸಿದುಕೊಳ್ಳುತ್ತೇವೆ. ಅವನು ಇಲ್ಲದಿದ್ದ ವರ್ಷಗಳಲ್ಲಿ ನಾವು ಹುಡುಕದೆ ಇದ್ದುದನ್ನೂ ಅಳಿಸಿಹಾಕುತ್ತೇವೆ. ಆದಕಾರಣ ನಮ್ಮ ಸಭಾಪಟ್ಟಿಗಳಲ್ಲಿ ಹೋದವರಿಗೂ ಮರಳಿದವರಿಗೂ ಬೇರೆಬೇರೆ ಅಂಕಣಗಳಿರಲಿ. ಒಟ್ಟು ಸಂಖ್ಯೆ ಕುಗ್ಗಿ ಕಂಡರೂ ಸಭಾಪಾಲಕನಿಗೆ ತಾನು ಯಾರ ಮನೆಗೆ ಹೋಗಬೇಕೆಂಬುದು ತಿಳಿಯುವುದು.