ಹಳೆಯ ಚೈನ್‌ಸಾ ಖರೀದಿ: ತೆಂಗು ಬೆಳೆಗಾರರು ಬೆಲೆ ನಿರ್ಧರಿಸುವ ಕ್ರಮ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ವಯಸ್ಸಾದ, ಬರದಿಂದ ಒಣಗಿದ ಹಾಗೂ ಅಣಬೆ ರೋಗಕ್ಕೆ ತುತ್ತಾದ ತೆಂಗಿನ ಮರಗಳನ್ನು ತೆರವುಗೊಳಿಸುವುದು ಅನಿವಾರ್ಯ ಕಾರ್ಯವಾಗಿದೆ. ಈ ಕಾರ್ಯಕ್ಕೆ ಬಿಳಿಗೆರೆ ಸುತ್ತಮುತ್ತಲ ರೈತರು ಬಳಸಿದ ಚೈನ್‌ಸಾ ಕೊಳ್ಳಲು ಮುಂದಾಗುವುದು ಸಹಜ. ಆದರೆ ಇಂತಹ ಯಂತ್ರದ ದೋಷಗಳು ಹೊರನೋಟಕ್ಕೆ ಕಾಣುವುದಿಲ್ಲ. ತಪ್ಪು ಆಯ್ಕೆಯಿಂದ ಹಣ ನಷ್ಟವಾಗುವುದಷ್ಟೇ ಅಲ್ಲದೆ, ಕೆಲಸ ಮಾಡುವವರ ಪ್ರಾಣಕ್ಕೂ ಅಪಾಯವಿದೆ. ಆದ್ದರಿಂದ ಬೆಲೆ ಮಾತನಾಡುವ ಮೊದಲು ಈ ಕೆಳಗಿನ ಅಂಶಗಳನ್ನು ಅನುಕ್ರಮವಾಗಿ ಪರಿಶೀಲಿಸಿ.

ನಿಮ್ಮ ಕೆಲಸಕ್ಕೆ ಯಾವ ಗಾತ್ರ ಸೂಕ್ತ?

ತೆಂಗಿನ ಕಾಂಡದ ಹೊರವಲಯ ಅತಿ ಗಡುಸು, ಒಳತಿರುಳು ಮೃದು. ಹೊರವಲಯದ ನಾರು ಹಾಗೂ ಸಿಲಿಕಾ ಅಂಶದಿಂದ ಸರಪಳಿಯ ಹಲ್ಲುಗಳು ಬೇಗ ಮೊಂಡಾಗುತ್ತವೆ. ಬುಡವನ್ನು ಹೊರತುಪಡಿಸಿದರೆ ಕಾಂಡದ ವ್ಯಾಸ ಸಾಮಾನ್ಯವಾಗಿ 30 ಸೆಂ.ಮೀ. ಆಸುಪಾಸಿನಲ್ಲಿರುವುದರಿಂದ 45 ಸೆಂ.ಮೀ. ಉದ್ದದ ಬಾರ್ ಇರುವ ಮಧ್ಯಮ ಗಾತ್ರದ ಯಂತ್ರ ಸಾಕಾಗುತ್ತದೆ.

ಹಳೆಯ ಯಂತ್ರಗಳಲ್ಲಿ ಸ್ಟಿಲ್ 070 ಹೆಸರುವಾಸಿಯಾದುದು. ಇದರ ಸಿಲಿಂಡರ್ ವ್ಯಾಸ 58 ಮಿ.ಮೀ., ಪಿಸ್ಟನ್ ಚಲನೆ 40 ಮಿ.ಮೀ., ಸಾಮರ್ಥ್ಯ ಸುಮಾರು 106 ಸಿಸಿ. ದಪ್ಪ ದಿಮ್ಮಿ ಸೀಳಲು ಇದು ಸಮರ್ಥ. ಆದರೆ ಬಾರ್ ಬಿಟ್ಟು ಇಂಜಿನ್ ಭಾಗವೇ 10 ಕಿ.ಗ್ರಾಂ.ಗೂ ಹೆಚ್ಚು ತೂಗುವುದರಿಂದ ತೆಂಗಿನ ತೋಟದ ದಿನನಿತ್ಯದ ಕೆಲಸಕ್ಕೆ ಹೊರೆಯಾಗುತ್ತದೆ. ವಿದೇಶಗಳಲ್ಲಿ ಹಳೆಯ ಯಂತ್ರಗಳನ್ನು ಸಂಗ್ರಹಕ್ಕಾಗಿ ಕೊಳ್ಳುವವರಿದ್ದಾರೆ. ರೈತನಿಗೆ ಮಾತ್ರ ಯಂತ್ರದ ಬೆಲೆ ಅದು ಮಾಡುವ ಕೆಲಸದಷ್ಟೇ.

ಅಸಲಿಯೋ ನಕಲಿಯೋ?

ಪ್ರಸಿದ್ಧ ಮಾದರಿಗಳನ್ನು ಹೋಲುವ ನಕಲಿ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಬಣ್ಣ ಹಾಗೂ ಸ್ಟಿಕ್ಕರ್ ನಂಬಬಾರದು. ಲೋಹದ ಕವಚದ ಮೇಲೆ ಅಚ್ಚೊತ್ತಿದ ಕ್ರಮಸಂಖ್ಯೆಯನ್ನು ಬರೆದುಕೊಂಡು ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸಿ. ಆ ಮಾದರಿಯ ಬಿಡಿಭಾಗಗಳು ತಿಪಟೂರು ಅಥವಾ ತುಮಕೂರಿನಲ್ಲಿ ದೊರೆಯುತ್ತವೆಯೇ ಎಂಬುದನ್ನೂ ಅಲ್ಲಿಯೇ ಕೇಳಿ. ಬಿಡಿಭಾಗ ದೊರೆಯದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದರ ಬೆಲೆ ಅಲ್ಪ.

ಇಂಜಿನ್ ಪರೀಕ್ಷೆ

1. ಯಂತ್ರವನ್ನು ತಣ್ಣಗಿರುವಾಗಲೇ ನೋಡಿ. ನೀವು ಹೋಗುವ ಮೊದಲೇ ಸೈಲೆನ್ಸರ್ ಬಿಸಿಯಾಗಿದ್ದರೆ, ತಣ್ಣಗಿನ ಸ್ಥಿತಿಯಲ್ಲಿ ಚಾಲನೆಯಾಗುವ ಬಗ್ಗೆ ಅನುಮಾನಪಡಬೇಕು.

2. ಇಂಜಿನ್ ಬಂದ್ ಇರುವಾಗ ಸ್ಟಾರ್ಟರ್ ಹಿಡಿ ಹಿಡಿದು ಯಂತ್ರವನ್ನು ತೂಗುಬಿಡಿ. ಅದು ತಡೆತಡೆದು ನಿಧಾನವಾಗಿ ಇಳಿದರೆ ಒತ್ತಡ ಉಳಿದಿದೆ ಎಂದರ್ಥ. ಸರ್ರನೆ ಇಳಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಇದು ಅಂದಾಜು ಮಾತ್ರ.

3. ಮೆಕ್ಯಾನಿಕ್ ನೆರವಿನಿಂದ ಕಂಪ್ರೆಷನ್ ಮಾಪಕ ಅಳವಡಿಸಿ, ಥ್ರಾಟಲ್ ಪೂರ್ಣ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಸಾಮಾನ್ಯವಾಗಿ 150 ಪಿಎಸ್‌ಐ ಅಥವಾ ಹೆಚ್ಚಿದ್ದರೆ ಉತ್ತಮ. 120ಕ್ಕಿಂತ ಕಡಿಮೆಯಿದ್ದರೆ ಇಂಜಿನ್ ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

4. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ಪಿಸ್ಟನ್ ನೋಡಿ. ನಯವಾದ ಮೇಲ್ಮೈ ಒಳ್ಳೆಯ ಲಕ್ಷಣ. ಉದ್ದುದ್ದ ಗೀರುಗಳಿದ್ದರೆ ಎಣ್ಣೆಯ ಕೊರತೆ ಅಥವಾ ಅತಿಯಾದ ಬಿಸಿಯಿಂದ ಇಂಜಿನ್ ಹಿಡಿದುಕೊಂಡಿತ್ತೆಂದು ತಿಳಿಯಬೇಕು.

5. ಹತ್ತು ನಿಮಿಷ ದಿಮ್ಮಿ ಕೊಯ್ಯಿಸಿ, ನಿಲ್ಲಿಸಿ, ಕೂಡಲೇ ಮತ್ತೆ ಚಾಲನೆ ಮಾಡಿ. ಬಿಸಿಯಾದಾಗ ಚಾಲೂ ಆಗದ ಯಂತ್ರದಲ್ಲಿ ಇಗ್ನಿಷನ್ ಅಥವಾ ಒತ್ತಡದ ದೋಷವಿರುವ ಸಾಧ್ಯತೆಯಿದೆ. ಐಡ್ಲಿಂಗ್ ವೇಗ ತಾನಾಗಿಯೇ ಏರಿಳಿದರೆ ಗಾಳಿ ಸೋರಿಕೆಯನ್ನು ಶಂಕಿಸಿ.

ಇಂಧನ ವ್ಯವಸ್ಥೆ

ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಮಾರಾಟ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆಗೊಂಡು ಈಗ ಸಾಮಾನ್ಯವಾಗಿದೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆ ಹಾಗೂ ಕಾರ್ಬುರೇಟರ್ ಪೊರೆಗಳು ಇದಕ್ಕೆಂದು ತಯಾರಾದವಲ್ಲ. ಅವು ಗಟ್ಟಿಯಾಗುತ್ತವೆ ಇಲ್ಲವೇ ಉಬ್ಬಿ ಸೋರುತ್ತವೆ. ಆದ್ದರಿಂದ ಇವುಗಳನ್ನು ಬದಲಿಸುವ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹಿಂದಿನ ಮಾಲೀಕರು ಯಾವ ಪ್ರಮಾಣದಲ್ಲಿ ಎಣ್ಣೆ ಬೆರೆಸುತ್ತಿದ್ದರೆಂದು ಕೇಳಿ. ಇಂದಿನ ಟು-ಸ್ಟ್ರೋಕ್ ಎಣ್ಣೆಗೆ 1:50, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ರೂಢಿ. ಹಳೆಯ ಅನೇಕ ಮಾದರಿಗಳಿಗೆ 1:25 ಸೂಚಿಸಲಾಗಿತ್ತು. ಸ್ಪಷ್ಟ ಉತ್ತರ ಸಿಗದಿದ್ದರೆ ಪಿಸ್ಟನ್ ಪರೀಕ್ಷೆಯನ್ನು ಬಿಡಲೇಬಾರದು.

ಬಾರ್, ಸರಪಳಿ ಮತ್ತು ಸ್ಪ್ರಾಕೆಟ್

ಬಾರ್‌ನ ಅಂಚುಗಳು ಸಮವಾಗಿರಬೇಕು. ಸ್ಪ್ರಾಕೆಟ್ ಹಲ್ಲಿನ ಮೇಲೆ 0.5 ಮಿ.ಮೀ.ಗಿಂತ ಆಳವಾದ ಗೆರೆ ಬಿದ್ದಿದ್ದರೆ ಅದನ್ನು ಬದಲಿಸಬೇಕು. ಸರಪಳಿಯ ಅಳತೆ ತಿಳಿಯಲು ಸತತ ಮೂರು ರಿವೆಟ್‌ಗಳ ನಡುವಿನ ಅಂತರವನ್ನು ಎರಡರಿಂದ ಭಾಗಿಸಿ. ಸರಪಳಿ, ಸ್ಪ್ರಾಕೆಟ್ ಹಾಗೂ ಬಾರ್ ಒಂದೇ ಅಳತೆಯವಾಗಿರುವುದು ಕಡ್ಡಾಯ. ಕೊನೆಯಲ್ಲಿ ಬಾರ್ ತುದಿಯನ್ನು ಬಿಳಿ ಕಾಗದದ ಕಡೆ ಹಿಡಿದು ಇಂಜಿನ್ ವೇಗ ಹೆಚ್ಚಿಸಿ. ಕಾಗದದ ಮೇಲೆ ಎಣ್ಣೆಯ ಹನಿಗಳು ಬಿದ್ದರೆ ಎಣ್ಣೆ ಪಂಪ್ ಸರಿಯಿದೆ.

ಸುರಕ್ಷತೆ: ರಾಜಿಯಿಲ್ಲದ ಅಂಶ

ಬಾರ್ ತುದಿಯ ಮೇಲ್ಭಾಗ ಮರಕ್ಕೆ ತಗುಲಿದಾಗ ಯಂತ್ರ ಕ್ಷಣಾರ್ಧದಲ್ಲಿ ಕೊಯ್ಯುವವರ ಮುಖದತ್ತ ಸಿಡಿಯುತ್ತದೆ. ಆಗ ಸರಪಳಿಯನ್ನು ತಕ್ಷಣ ನಿಲ್ಲಿಸಲು ಇರುವುದೇ ಚೈನ್ ಬ್ರೇಕ್. ಬಹಳ ಹಳೆಯ ಮಾದರಿಗಳಲ್ಲಿ ಇದು ಇಲ್ಲ. ಬ್ರೇಕ್ ಇರುವ ಯಂತ್ರವನ್ನು ವೇಗದಲ್ಲಿ ಓಡಿಸಿ ಮುಂದಿನ ಕೈಗುರಾಣಿಯನ್ನು ತಳ್ಳಿ. ಸರಪಳಿ ತಕ್ಷಣ ನಿಲ್ಲಬೇಕು. ಸರಪಳಿ ಹಿಡಿಕೆ, ಥ್ರಾಟಲ್ ಲಾಕ್, ಕಂಪನ ತಡೆಯುವ ರಬ್ಬರ್‌ಗಳು ಹಾಗೂ ಬಂದ್ ಮಾಡುವ ಸ್ವಿಚ್ ಸುಸ್ಥಿತಿಯಲ್ಲಿರಬೇಕು. ಚೈನ್ ಬ್ರೇಕ್ ಇಲ್ಲದ ಅಥವಾ ಕೆಲಸ ಮಾಡದ ಯಂತ್ರವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತೋಟದ ಕೆಲಸಕ್ಕೆ ಕೊಳ್ಳಬೇಡಿ.

ಬೆಲೆ ಲೆಕ್ಕಹಾಕುವ ವಿಧಾನ

ಇದೇ ಸಾಮರ್ಥ್ಯದ, ಸುಸ್ಥಿತಿಯಲ್ಲಿರುವ ಬಳಸಿದ ಯಂತ್ರದ ಸ್ಥಳೀಯ ಬೆಲೆಯಿಂದ ಆರಂಭಿಸಿ, ದುರಸ್ತಿ ವೆಚ್ಚವನ್ನು ಕಳೆಯಿರಿ. ಕೆಳಗಿನ ಅಂಕಿಗಳು ವಿಧಾನ ತಿಳಿಸಲು ಮಾತ್ರ. ನಿಮ್ಮ ಊರಿನ ದರಗಳನ್ನು ಹಾಕಿಕೊಳ್ಳಿ.

• ಸುಸ್ಥಿತಿಯ ಯಂತ್ರದ ಬೆಲೆ: ರೂ. 14,000
• ಬಾರ್ ಮತ್ತು ಸರಪಳಿ: ರೂ. 3,000
• ಸ್ಪ್ರಾಕೆಟ್: ರೂ. 700
• ಕೊಳವೆ, ಕಾರ್ಬುರೇಟರ್ ಪೊರೆ: ರೂ. 1,000
• ಕೂಲಿ: ರೂ. 800
• ದುರಸ್ತಿಯ ಒಟ್ಟು ವೆಚ್ಚ: ರೂ. 5,500
• ಉಳಿಕೆ: ರೂ. 8,500

ಕಾಣದ ದೋಷಗಳಿಗಾಗಿ ಉಳಿಕೆಯಲ್ಲಿ ಹತ್ತನೇ ಒಂದು ಭಾಗ, ಅಂದರೆ ರೂ. 850 ಕಳೆದರೆ ನೀವು ಕೊಡಬಹುದಾದ ಗರಿಷ್ಠ ಬೆಲೆ ರೂ. 7,650. ಪಿಸ್ಟನ್ ಗೀರು ಬಿದ್ದಿದ್ದರೆ ಅಥವಾ ಇಂಜಿನ್ ಕವಚ ಸೀಳಿದ್ದರೆ ಬಿಡಿಭಾಗಗಳ ಬೆಲೆಯನ್ನಷ್ಟೇ ಪರಿಗಣಿಸಿ.

ವರ್ಷಕ್ಕೆ ಬೆರಳೆಣಿಕೆಯ ಮರಗಳನ್ನು ಮಾತ್ರ ತೆಗೆಯುವವರಿಗೆ ಖರೀದಿಗಿಂತ ಅನುಭವಿ ಕೆಲಸಗಾರರಿಂದ ಬಾಡಿಗೆ ಯಂತ್ರದಲ್ಲಿ ಕೊಯ್ಯಿಸುವುದೇ ಲಾಭದಾಯಕ. ಅಣಬೆ ರೋಗದ ಮರವನ್ನು ಕಡಿದರಷ್ಟೇ ಸಾಲದು. ಬುಡ ಹಾಗೂ ಬೇರುಗಳನ್ನು ಅಗೆದು ನಾಶಪಡಿಸಬೇಕು. ತೆಂಗಲ್ಲದ ಮರಗಳನ್ನು ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ವಯ ಅನುಮತಿ ಅಗತ್ಯವೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳಲ್ಲಿ ವಿಚಾರಿಸಿ. ರೋಗಪೀಡಿತ ಮರಗಳನ್ನು ಗುರುತಿಸುವ ಹಾಗೂ ಮರುನಾಟಿಯ ಬಗೆಗಿನ ಸಲಹೆಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.